ಗೊತ್ತಿಲ್ಲ ಅನ್ನುತ್ತಿದ್ದ ಮೇಡಂ

ಮೈಕ್ ಕಂಡರೆ ಮೇಡಂಗೆ ಆಗುತ್ತಿರಲಿಲ್ಲ. ನಿಜಲಿಂಗಪ್ಪ ಬಡಾವಣೆಯ ಒಂದು ಭವನದ ಮಹಡಿಯಲ್ಲಿ ತಿಂಗಳ ಕೊನೆಯ ಭಾನುವಾರ ಸಂಜೆ ಉಪನ್ಯಾಸ ನಡೆಯುತ್ತಿತ್ತು. ನಮ್ಮ ಸೀಮೆಯ ಕೆರೆ, ಕಲ್ಲು, ಹಾಡು, ನಾಟಕ, ಸಂತೆ, ಹೀಗೆ ತಿಂಗಳಿಗೊಂದು ವಿಷಯ. ಕುರ್ಚಿ ಭರ್ತಿಯಾದರೆ ಅದೇ ದೊಡ್ಡ ಸಭೆ. ಮೇಡಂ ಎದ್ದು ಬಂದವರೇ ಮೈಕಿನ ಕಂಬವನ್ನು ಪಕ್ಕಕ್ಕೆ ಸರಿಸಿ, “ಇಷ್ಟು ಮಂದಿಗೆ ಇದು ಯಾಕ್ರೀ? ನಾನೇನು ಸೊಪ್ಪು ಮಾರಾಕೆ ಬಂದೀನಾ?” ಎನ್ನುತ್ತಿದ್ದರು. ಆಮೇಲೆ ಮೊದಲ ಸಾಲಿನ ಎದುರು ನಿಂತು, ಪಕ್ಕದ ಮನೆಯ ಸುದ್ದಿ ಹೇಳುವವರ ಹಾಗೆ ಶತಮಾನಗಳ ಹಿಂದಿನ ಮಾತು ಶುರು ಮಾಡುತ್ತಿದ್ದರು.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡವರು ಬೇರೆ ಇದ್ದಾರೆ. ಅದು ಅವರ ಪಾಲಿಗೇ ಇರಲಿ.

ಹರಿಹರದ ಒಂದು ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದವರು ಅವರು. ನೌಕರಿ ಇದ್ದಷ್ಟು ಕಾಲವೂ ದಾವಣಗೆರೆಯಿಂದ ಬಸ್ಸಿನಲ್ಲೇ ಓಡಾಟ. ನಾನು ಲೋಕಿಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೆ. ಅವರ ಬಸ್ಸು ಒಂದು ದಿಕ್ಕಿಗೆ, ನನ್ನದು ಇನ್ನೊಂದು ದಿಕ್ಕಿಗೆ. ಮನೆ ಹತ್ತಿರವಿದ್ದುದರಿಂದ ಬಸ್ ಸ್ಟ್ಯಾಂಡಿನವರೆಗೆ ಒಂದೇ ಆಟೋ ಹಿಡಿಯುತ್ತಿದ್ದೆವು. ಪರಿಚಯ ಬೆಳೆದದ್ದು ಹಾಗೆ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರಾದರೂ ಕೊನೆಯವರೆಗೂ ನನ್ನನ್ನು “ಟೀಚರ್” ಎಂದೇ ಕರೆದರು. ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ.

ನಿವೃತ್ತಿಯಾದ ಮೇಲೆ ಈ ಉಪನ್ಯಾಸಗಳನ್ನು ಶುರು ಮಾಡಿದರು. ಜೊತೆಗೆ ನಿಂತವರು ಅವರದೇ ಹಳೆಯ ವಿದ್ಯಾರ್ಥಿ, ಈಗ ಸ್ವಂತದ್ದೊಂದು ಶಾಲೆ ನಡೆಸುವವರು. ಅವರನ್ನು ಅಧ್ಯಕ್ಷರು ಎಂದು ಕರೆಯುತ್ತೇನೆ, ಯಾಕೆಂದರೆ ಆಮೇಲೆ ಉಪನ್ಯಾಸಕ್ಕೊಂದು ಸಮಿತಿಯಾಗಿ ಊರೆಲ್ಲ ಅವರನ್ನು ಹಾಗೇ ಕರೆಯತೊಡಗಿತು. ಸುಳ್ಳು ಹೇಳಬಾರದು, ಮೊದಮೊದಲು ಅವರೇ ಬಂದು ಮಹಡಿಯ ಕಸ ಗುಡಿಸಿ ಕುರ್ಚಿ ಹಾಕುತ್ತಿದ್ದರು. ಮೇಡಂ ಮಾತಾಡುವಾಗ ಹಿಂದಿನ ಗೋಡೆಗೆ ಒರಗಿ ನಿಂತು, ಕ್ಲಾಸಿನಲ್ಲಿ ನಿಂತ ಹುಡುಗನ ಹಾಗೆ ಕೇಳುತ್ತಿದ್ದರು.

ಪ್ರತಿ ಸಲವೂ ಹೊಸಬರು ಯಾರಾದರೂ ಒಂದೇ ಪ್ರಶ್ನೆ ಕೇಳುವವರು. “ಮೇಡಂ, ನಮ್ಮೂರಿಗೆ ದಾವಣಗೆರೆ ಅಂತ ಹೆಸರು ಹೆಂಗೆ ಬಂತು?”

“ದನ ಕಟ್ಟೋ ದಾವಣಿ ಇದ್ದ ಕೆರೆ ಅಂತ ಹೇಳ್ತಾರೆ. ಕುದುರೆಗಳು ದಣಿವಾರಿಸ್ಕಂಡ ಕೆರೆ ಅಂತನೂ ಹೇಳ್ತಾರೆ. ಯಾವ್ದು ಖರೆನೋ ನನಗೆ ಗೊತ್ತಿಲ್ಲ.”

ನಿವೃತ್ತ ಎಂಜಿನಿಯರೊಬ್ಬರಿಗೆ ಒಮ್ಮೆ ಸಿಟ್ಟು ಬಂತು. “ಇಷ್ಟು ವರ್ಷ ಪಾಠ ಮಾಡಿ ಗೊತ್ತಿಲ್ಲ ಅಂದ್ರೆ ಹೆಂಗ್ರೀ ಮೇಡಂ?”

“ಗೊತ್ತಿಲ್ಲ ಅನ್ನಾದು ಕಲಿಯಾಕೇ ಅಷ್ಟು ವರ್ಷ ಹಿಡೀತು ಸರ್.”

ಜನ ನಕ್ಕರು. ಎಂಜಿನಿಯರೂ ನಕ್ಕರು. ಆದರೆ ಮೇಡಂ ನಗಿಸಲು ಹೇಳಿದ್ದಲ್ಲ ಅದು. ಶಾಸನದಲ್ಲಿ ಒಂದು ಅಕ್ಷರ ಅಳಿಸಿಹೋಗಿದ್ದರೆ ಅದನ್ನು ಊಹಿಸಿ ತುಂಬುವವರನ್ನು ಅವರು ಕಳ್ಳರೆಂದೇ ಭಾವಿಸಿದ್ದರು. “ಇಲ್ಲದ್ದನ್ನ ಸೇರ್ಸೋದೂ ಕಳವೇ ಟೀಚರ್,” ಎನ್ನುತ್ತಿದ್ದರು.

ಹರಿಹರದಲ್ಲಿ ಗುಡಿಯ ಹತ್ತಿರದ ಒಂದು ಛತ್ರದಲ್ಲಿ ಮಾತಾಡಿದಾಗ ಇಬ್ಬರು ಹಿರಿಯರು ದೇವರಲ್ಲಿ ಹರಿಯ ಪಾಲು ದೊಡ್ಡದೋ ಹರನ ಪಾಲು ದೊಡ್ಡದೋ ಎಂದು ಜಗಳಕ್ಕೆ ನಿಂತರು. ಮೇಡಂ ಸುಮ್ಮನೆ ಕೇಳಿಸಿಕೊಂಡು, “ಕೆತ್ತಿದೋನು ಒಂದೇ ಕಲ್ಲು ತಗಂಡಿದ್ದ. ನೀವು ಯಾಕ ಎರಡು ಮಾಡ್ತೀರಿ? ಕೂಡ್ರಿ,” ಎಂದರು. ಇಬ್ಬರೂ ಕೂತರು. ಮಂಡಕ್ಕಿ ಭಟ್ಟಿಗಳ ಬಗ್ಗೆ ಮಾತಾಡುತ್ತೇನೆ ಅಂದಾಗ ಸಮಿತಿಯ ಒಬ್ಬರು, ಇದೂ ಒಂದು ಚರಿತ್ರೆಯೇ ಎಂದು ಮೂಗು ಮುರಿದಿದ್ದರು. “ದಿನಾ ಸಂಜೆ ಮೆಣಸಿನಕಾಯಿ ಜೋಡಿ ತಿಂತೀರಲ್ಲ, ಹುರಿಯೋರು ಯಾರು ಅಂತ ಒಂದಿನ ಕೇಳಿದ್ರೆ ಗಂಟೇನು ಹೋಗುತ್ತೆ?” ಆ ದಿನ ಮಹಡಿಯ ಮೇಲೆ ನಿಲ್ಲಲೂ ಜಾಗವಿರಲಿಲ್ಲ.

ಅವರ ವ್ಯಾನಿಟಿ ಬ್ಯಾಗಿನಲ್ಲಿ ಒಂದು ಕೈಗನ್ನಡಿ ಇರುತ್ತಿತ್ತು. ಮುಖ ನೋಡಿಕೊಳ್ಳಲು ಅಲ್ಲ. ಹಳ್ಳಿಗಳಲ್ಲಿ ಸವೆದ ಕಲ್ಲು ಸಿಕ್ಕಿದರೆ ಆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಅದರ ಮೇಲೆ ಹಾಯಿಸುತ್ತಿದ್ದರು. ಬರೀ ಕಣ್ಣಿಗೆ ಕಾಣದ ಅಕ್ಷರಗಳು ನೆರಳು ಬಿದ್ದು ಎದ್ದು ನಿಲ್ಲುತ್ತಿದ್ದವು. ಕನ್ನಡಿ ಹಿಡಿದ ಕೈಯಲ್ಲಿ ಹಸಿರು ಗಾಜಿನ ಬಳೆಗಳು ಗಲಗಲ ಎನ್ನುತ್ತಿದ್ದವು. ಆ ಬಳೆಗಳಿಗೆ ಒಂದು ಕಥೆ ಇತ್ತು. ಮದುವೆಯಾಗಿ ಬಹಳ ದಿನವಾಗಿರಲಿಲ್ಲ, ಗಂಡ ರಸ್ತೆ ಅಪಘಾತದಲ್ಲಿ ಹೋದರು. ಬಳೆ ಒಡೆಯಲು ಬಂದ ಹೆಂಗಸರಿಗೆ ಮೇಡಂ ಕೈ ಕೊಡಲಿಲ್ಲ. ಅಷ್ಟನ್ನು ಮಾತ್ರ ಒಮ್ಮೆ ಆಟೋದಲ್ಲಿ ಹೇಳಿದ್ದರು. “ಕೈ ಹಿಂದಕ್ಕೆ ಕಟ್ಕಂಡು ಗೋಡೆಗೆ ಒರಗಿ ನಿಂತೆ ಟೀಚರ್. ಬೆಳಗಾನ ನಿಂತೆ. ಅವ್ರಿಗೇ ಸಾಕಾತು.” ಮತ್ತೆ ಆ ಮಾತು ಎತ್ತಲಿಲ್ಲ.

ಎಲ್ಲ ಕೆಟ್ಟದ್ದು ಒಂದು ಮಾಸ್ತಿಕಲ್ಲಿನಿಂದ.

ಕೊಕ್ಕನೂರಿನ ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ಅದರ ಹೆಸರೂ ಬೇಡ. ಊರ ಹೊರಗೆ ಬೇವಿನ ಮರದ ಕೆಳಗೆ ಒಂದು ಕಲ್ಲು ನಿಂತಿತ್ತು. ಗಂಡನ ಚಿತೆ ಏರಿದ ಹೆಂಗಸಿಗೆ ನಿಲ್ಲಿಸಿದ್ದು. ಇಂಥ ಕಲ್ಲುಗಳಲ್ಲಿ ಇರುವ ಹಾಗೆ ಇದರಲ್ಲೂ ಒಂದು ಕಂಬ, ಕಂಬದಿಂದ ಹೊರಟ ಒಂದು ಕೈ, ಕೈ ತುಂಬ ಬಳೆ. ಊರ ಹೆಂಗಸರು ಅದನ್ನು ಮಾಸ್ತಮ್ಮ ಎಂದು ಪೂಜಿಸುತ್ತಿದ್ದರು. ನಾವಿಬ್ಬರೂ ಹೋದಾಗ ಒಬ್ಬ ಅಜ್ಜಿ ಅರಿಶಿನ ಕುಂಕುಮ ಮುಟ್ಟುವುದಕ್ಕೂ ಮೊದಲು ಒಂದು ಕೊಡ ತಣ್ಣೀರನ್ನು ಕಲ್ಲಿನ ನೆತ್ತಿಯಿಂದ ಬುಡದವರೆಗೆ ನಿಧಾನವಾಗಿ ಸುರಿಯುತ್ತಿದ್ದಳು.

“ಅಜ್ಜೀ, ಮೊದ್ಲು ನೀರು ಯಾಕ?” ಮೇಡಂ ಕೇಳಿದರು.

“ಉರಿ ಆರ್ಲಿ ಅಂತ ಕಣವ್ವ.”

“ಯಾರ ಉರಿ?”

ಅಜ್ಜಿ ಸುತ್ತ ನೋಡಿದಳು. ಗಂಡಸರು ಯಾರೂ ಇರಲಿಲ್ಲ. “ಆಕಿ ತಾನಾಗೇ ಹೋಗ್ಲಿಲ್ಲಂತೆ ಕಣವ್ವ. ಹೊಲದಾಗೆ ಓಡಿದ್ಲಂತೆ. ಹಿಡ್ಕಂಡು ಬಂದ್ರಂತೆ. ನಮ್ಮವ್ವ ನನಗೆ ಹೇಳಿದ್ಲು, ಆಕಿಗೆ ಆಕಿ ಅವ್ವ ಹೇಳಿದ್ಲು. ಗಂಡಸ್ರ ಮುಂದೆ ನಾವು ಇದನ್ನ ಆಡಲ್ಲ.”

ವಾಪಸ್ ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಮುಂದಿನ ಭಾನುವಾರವೇ ಅವರ ಸರದಿ ಇತ್ತು. ಆ ಕಲ್ಲಿನ ಬಗ್ಗೆ ಮಾತಾಡಿದರು. ಶಾಸನದಲ್ಲಿ ಎರಡು ಸಾಲು ಮಾತ್ರ ಉಳಿದಿದೆ, ಅದರಲ್ಲಿ ಆಕೆಯ ಹೆಸರೂ ಇಲ್ಲ, ಗಂಡನದು ಮಾತ್ರ ಇದೆ ಎಂದರು. ಆಮೇಲೆ ಹೆಂಗಸರು ಹೇಳುವ ಮಾತನ್ನು ಹೇಳಿದರು. ಅಜ್ಜಿ ಯಾರು, ಯಾವ ಮನೆಯವಳು ಎಂದು ಹೇಳಲಿಲ್ಲ. ಕೊನೆಗೆ, “ಇದು ಕಲ್ಲಿನ ಮ್ಯಾಲೆ ಬರ್ದಿಲ್ಲ. ಖರೆನೋ ಸುಳ್ಳೋ ನನಗೆ ಗೊತ್ತಿಲ್ಲ. ಆದ್ರೆ ಇಷ್ಟು ತಲೆಮಾರು ಹೆಂಗಸ್ರು ಆ ಕಲ್ಲಿಗೆ ತಣ್ಣೀರು ಹಾಕ್ಯಂತ ಬಂದಾರಲ್ಲ, ಅದು ಕಣ್ಣಿಗೆ ಕಾಣ್ತೈತೆ,” ಎಂದರು. ಹಿಂದಿನ ಸಾಲಿನ ಒಬ್ಬ ಹೆಣ್ಣುಮಗಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಯಾರೋ ಫೋನಿನಲ್ಲಿ ಹಿಡಿದುಕೊಂಡಿದ್ದರು. ವಾರದೊಳಗೆ ಒಂದು ತುಣುಕು ಎಲ್ಲರ ವಾಟ್ಸಾಪಿಗೂ ಬಂತು. ಅದರಲ್ಲಿ “ಓಡಿದ್ಲಂತೆ, ಹಿಡ್ಕಂಡು ಬಂದ್ರಂತೆ” ಇತ್ತು. “ಗೊತ್ತಿಲ್ಲ” ಇರಲಿಲ್ಲ. ಅದನ್ನು ಕತ್ತರಿಸಿ ಹಾಕಿದ್ದರು.

ಆ ಹಳ್ಳಿಯಿಂದ ಯಾರೂ ಜಗಳಕ್ಕೆ ಬರಲಿಲ್ಲ. ಬಂದವರು ಪಟ್ಟಣದವರು, ಮಾಸ್ತಮ್ಮ ತಮ್ಮ ಕುಲದ ತಾಯಿ ಎಂದು ಆ ವಾರವಷ್ಟೇ ಕಂಡುಕೊಂಡವರು. ನಮ್ಮ ತಾಯಿ ಹೇಡಿಯ ಹಾಗೆ ಓಡಿದಳು ಅಂದರೆ ಏನರ್ಥ, ನಗುನಗುತ್ತ ಚಿತೆ ಏರಿದ ಮಹಾತಾಯಿಗೆ ಅವಮಾನ ಎಂದರು. ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಬರೆದದ್ದನ್ನು ನಾನು ಕಣ್ಣಾರೆ ಓದಿದೆ. ‘ಗಂಡ ಸತ್ತ ಮೇಲೂ ಬಳೆ ಹಾಕ್ಕಂಡು ಮೆರೆಯೋಳಿಗೆ ಮಾಸ್ತಿ ಮಹಿಮೆ ಏನು ಗೊತ್ತು.’ ಅದರ ಕೆಳಗೆ ಕೈ ಮುಗಿಯುವ, ಚಪ್ಪಾಳೆ ತಟ್ಟುವ ಚಿತ್ರಗಳ ಸಾಲು. ಉಪನ್ಯಾಸಕ್ಕೆ ಬಂದು ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದವರ ಹೆಸರುಗಳೂ ಆ ಸಾಲಿನಲ್ಲಿದ್ದವು.

ಅಧ್ಯಕ್ಷರು ಮೇಡಂ ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ಚಪ್ಪಲಿ ಹೊರಗೆ ಬಿಟ್ಟು, ಬಂದವರೇ ಗುರುಗಳ ಕಾಲು ಮುಟ್ಟಿದರು.

“ಮೇಡಂ, ಒಂದು ಮಾತು, ತಪ್ಪಾತು ಅಂದುಬಿಡ್ರಿ. ಎಲ್ಲ ಮುಗೀತೈತೆ.”

“ನಾನು ಎಲ್ಲಿ ತಪ್ಪು ಓದಿದೆ ತೋರ್ಸಪ್ಪ. ತಿದ್ಕಂತೀನಿ.”

“ಓದಿದ್ದು ತಪ್ಪು ಅಂತಲ್ಲ ಮೇಡಂ. ಹೇಳಬಾರದಿತ್ತು ಅಷ್ಟೆ. ಮಂದಿ ಭಾವನೆ ನೋಡ್ಬೇಕಲ್ರೀ.”

“ಹಂಗಾದ್ರೆ ಇಷ್ಟು ವರ್ಷ ನಿನಗೆ ನಾನು ಕಲಿಸಿದ್ದೇನು?”

ಅಧ್ಯಕ್ಷರು ಕಾಫಿ ಕುಡಿಯದೆ ಎದ್ದರು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, “ಟೀಚರ್, ನೀವಾದ್ರೂ ಹೇಳ್ರಿ,” ಎಂದರು. ಹೇಳುವುದು ಏನೂ ಇಲ್ಲ ಎಂದೆ.

ಎರಡು ದಿನ ಬಿಟ್ಟು ಬೆಳಗ್ಗೆ ಮೇಡಂ ಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದರು. ಒಳಪುಟದಲ್ಲಿ ಸಣ್ಣ ಸುದ್ದಿ. ಸಮಿತಿಯ ಅಧ್ಯಕ್ಷರು ತಿಳಿಸಿರುವಂತೆ, ಉಪನ್ಯಾಸಕಿ ಗದ್ಗದಿತರಾಗಿ ಕ್ಷಮೆ ಕೋರಿದ್ದಾರೆ, ವಿವಾದ ಸುಖಾಂತ್ಯ ಕಂಡಿದೆ ಎಂದಿತ್ತು.

“ಟೀಚರ್, ನಾನು ಯಾವತ್ತು ಗದ್ಗದ ಆದೆ?” ಎಂದರು.

ಪತ್ರಿಕೆಯವರಿಗೆ ಫೋನ್ ಮಾಡಿದರು. ಅಧ್ಯಕ್ಷರನ್ನೇ ಕೇಳಿ ಮೇಡಂ, ಅವರೇ ಕೊಟ್ಟಿದ್ದು ಎಂದರು ಆ ಕಡೆಯವರು. ಅಧ್ಯಕ್ಷರಿಗೆ ಮಾಡಿದರು. ಫೋನ್ ಎತ್ತಲಿಲ್ಲ. ಮೇಡಂ ರಿಸೀವರ್ ಇಟ್ಟವರಂತೆ ಮೆತ್ತಗೆ ಮೊಬೈಲನ್ನು ಮೇಜಿನ ಮೇಲೆ ಇಟ್ಟು, ಸಾರಿಗೆ ಬೇಳೆ ಇಟ್ಟು ಬಂದಿದ್ದೇನೆ, ಸೀದುಹೋಗುತ್ತದೆ ಎಂದು ಎದ್ದು ಹೋದರು.

ಆಮೇಲೆ ಅವರನ್ನು ಮಾತಾಡಲು ಕರೆಯಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ತಿಂಗಳು ಬರುತ್ತಿತ್ತು, ಬೇರೆಯವರ ಹೆಸರು ಬರುತ್ತಿತ್ತು. ಆದರೂ ಮೇಡಂ ಹೋಗುವುದನ್ನು ಬಿಡಲಿಲ್ಲ. ಹೋಗಿ ಕೇಳುಗರ ನಡುವೆ ಕೂರುತ್ತಿದ್ದರು. ಅವರ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿಯುವುದನ್ನು ನಾನು ನೋಡಿದೆ. ಒಂದು ಕಡೆ ನಾನು ಕೂರುತ್ತಿದ್ದೆ, ಇನ್ನೊಂದು ಕಡೆ ಅವರ ಬ್ಯಾಗು. ಭಾಷಣಗಳೂ ಬದಲಾಗಿದ್ದವು. ನಮ್ಮ ಹೆಮ್ಮೆ, ನಮ್ಮ ಪರಂಪರೆ, ಜಗತ್ತಿಗೇ ಮೊದಲು ನಾವು. ಒಬ್ಬ ಮಹನೀಯರು ಅಳಿಸಿಹೋದ ಶಾಸನದ ಸಾಲುಗಳನ್ನು ತಾವೇ ಪೂರ್ತಿ ಮಾಡಿ ರಾಗವಾಗಿ ಓದಿದರು. ಮೇಡಂ ಕೈ ಎತ್ತಿದರು. “ಪ್ರಶ್ನೆಗಳಿಗೆ ಸಮಯ ಇಲ್ಲ,” ಎಂದಿತು ಮೈಕು. ಅವರ ಕೈ ಸ್ವಲ್ಪ ಹೊತ್ತು ಮೇಲೆಯೇ ಇತ್ತು. ಚಪ್ಪಾಳೆ ಶುರುವಾದ ಮೇಲೆ ಇಳಿಸಿದರು.

ಇದನ್ನೆಲ್ಲ ಅವರು ತಡೆದುಕೊಂಡರು. ತಡೆದುಕೊಳ್ಳಲಾಗದ್ದು ಬೇರೆ ಇತ್ತು.

ಒಂದು ದಿನ, “ಟೀಚರ್, ಅಜ್ಜೀನ ನೋಡ್ಕಂಡು ಬರೋಣ ಬರ್ರಿ,” ಎಂದರು. ಹೋದೆವು. ಬೇವಿನ ಮರ ಇರಲಿಲ್ಲ. ಅಲ್ಲಿ ಗ್ರಾನೈಟ್ ಹಾಕಿದ ಕಟ್ಟೆ, ಮೇಲೆ ತಗಡಿನ ಚಾವಣಿ, ಸುತ್ತ ಕಬ್ಬಿಣದ ಗ್ರಿಲ್ಲು, ಗೇಟಿಗೆ ಬೀಗ. ಕಲ್ಲಿಗೆ ಆಯಿಲ್ ಪೇಂಟ್ ಬಳಿದಿದ್ದರು. ಉಳಿದಿದ್ದ ಎರಡು ಸಾಲು ಅಕ್ಷರ ಆ ಬಣ್ಣದ ಅಡಿಯಲ್ಲಿ ಮುಚ್ಚಿಹೋಗಿದ್ದವು. ಮೇಲುಗಡೆ ಹೊಸದಾಗಿ ಒಂದು ಮುಖ ಕೂರಿಸಿ ಬೆಳ್ಳಿಯ ಕಣ್ಣು ಹಚ್ಚಿದ್ದರು. ಆ ಮುಖ ನಗುತ್ತಿತ್ತು. ಪೂಜೆಗೆ ಒಬ್ಬ ಪೂಜಾರಿಯನ್ನು ನೇಮಿಸಿದ್ದರಂತೆ, ವಾರಕ್ಕೊಮ್ಮೆ ಪಟ್ಟಣದಿಂದ ಬರುತ್ತಾನೆ. ಹೆಂಗಸರು ಗ್ರಿಲ್ಲಿನ ಹೊರಗೆ ನಿಂತು ಕೈ ಮುಗಿಯಬೇಕು. ನೀರು ಹಾಕುವಂತಿಲ್ಲ, ಬಣ್ಣ ಹೋಗುತ್ತದೆ.

ಅಜ್ಜಿ ತನ್ನ ಮನೆಯ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಮೇಡಂ ಹತ್ತಿರ ಹೋಗಿ, “ಅಜ್ಜೀ, ಚೆನ್ನಾಗಿದ್ದೀಯಾ?” ಎಂದರು. ಅಜ್ಜಿ ತಲೆ ಎತ್ತಿದಳು. ಗುರುತು ಹಿಡಿದಳು. ಕೂತುಕೋ ಎನ್ನಲಿಲ್ಲ.

“ಇಷ್ಟು ದಿನ ನಾವು ಒಳಗೊಳಗೇ ಇಟ್ಕಂಡಿದ್ವಿ. ಅದ್ಕೇ ಅದು ನಮ್ಮತ್ರ ಇತ್ತು. ನಿನ್ನ ನಂಬಿ ಹೇಳಿದೆ. ನೀನು ಊರಿಗೆಲ್ಲಾ ಹೇಳಿದಿ. ಈಗ ನೋಡು, ಆಕಿನ್ನೂ ಕಸ್ಕಂಡ್ರು.”

ಮೇಡಂ ಜಗಲಿಯ ಕೆಳಗೆ ಬಿಸಿಲಲ್ಲೇ ನಿಂತಿದ್ದರು. ನಾನು ನಡುವೆ ಬಾಯಿ ಹಾಕಿ, “ಅವ್ರು ನಿನ್ನ ಹೆಸರು ಹೇಳಿಲ್ಲ ಅಜ್ಜೀ,” ಎಂದೆ.

“ನನ್ನ ಹೆಸರು ಯಾರಿಗೆ ಬೇಕಾಗಿತ್ತು ಬಿಡವ್ವ,” ಎಂದು ಅಜ್ಜಿ ಮತ್ತೆ ಶೇಂಗಾ ಕಡೆ ಬಗ್ಗಿದಳು.

ಬಸ್ಸಿಗೆ ಕಾಯುತ್ತ ಕೂತಾಗ ನಾನು ಸಮಾಧಾನ ಹೇಳಲು ಹೋದೆ. ತಪ್ಪು ಮಾಡಿದವರು ಬೀಗ ಹಾಕಿದವರು, ನೀವಲ್ಲ ಎಂದೆ. ಮೇಡಂ ತಲೆ ಅಲ್ಲಾಡಿಸಿದರು. “ಬೀಗ ಹಾಕಿದ್ದು ಅವ್ರೇ. ಆದ್ರೆ ಬಾಗಿಲು ಎಲ್ಲೈತೆ ಅಂತ ತೋರ್ಸಿದ್ದು ನಾನು. ಆಕಿ ಅಂದಿದ್ದು ಖರೆ ಟೀಚರ್.” ಅಧ್ಯಕ್ಷರು ಕೇಳಿದಾಗ ಹೇಳದ ‘ತಪ್ಪಾತು’ ಎಂಬ ಮಾತನ್ನು ಅವರು ಆ ಅಜ್ಜಿಯ ಎದುರು ಹೇಳಬೇಕು ಅಂದುಕೊಂಡಿದ್ದರಂತೆ, ಬಾಯಿ ಬರಲಿಲ್ಲವಂತೆ.

ನನಗೆ ಇವತ್ತಿಗೂ ಅದರ ಬಗ್ಗೆ ಒಂದು ನಿಲುವಿಗೆ ಬರಲಾಗಿಲ್ಲ. ಮುಚ್ಚಿಟ್ಟುಕೊಂಡ ಮಾತು ಎಷ್ಟು ತಲೆಮಾರು ಉಳಿಯುತ್ತಿತ್ತು? ಅಜ್ಜಿಯ ಸೊಸೆ ಅದನ್ನು ಕೇಳಿಸಿಕೊಂಡಿದ್ದಳೇ? ಮೇಡಂ ಹೇಳದಿದ್ದರೆ ನನಗಂತೂ ತಿಳಿಯುತ್ತಿರಲಿಲ್ಲ. ಆದರೆ ನನಗೆ ತಿಳಿದು ಆ ಹೆಂಗಸರಿಗೆ ಏನು ಸಿಕ್ಕಿತು?

ಆ ದಿನದ ನಂತರ ಮೇಡಂ ಭಾನುವಾರಗಳಿಗೆ ಬರಲಿಲ್ಲ. ಸಂಜೆ ಹೋದರೆ ಟಿವಿ ಮುಂದೆ ಕೂತಿರುತ್ತಿದ್ದರು, ಧ್ವನಿ ಇಲ್ಲದೆ. ಮೊದಲೇ ಸಕ್ಕರೆ ಕಾಯಿಲೆ, ಗುಳಿಗೆ ನುಂಗುವುದನ್ನು ಮರೆಯತೊಡಗಿದರು. ಮರೆಯುತ್ತಿದ್ದರೋ ಬಿಡುತ್ತಿದ್ದರೋ, ಕೇಳಿದರೆ ಬೈಯುತ್ತಿದ್ದರು. ಕಾಲಿಗೆ ಗಾಯವಾಗಿ ಅದು ಮಾಯಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಅವರ ಕೈಗೆ ಸೂಜಿ ಚುಚ್ಚಲು ನರ್ಸ್ ಬಳೆ ತೆಗೆಯಲು ಹೋದಾಗ, “ಆ ಕೈ ಬ್ಯಾಡ, ಈ ಕೈಗೆ ಹಾಕವ್ವ,” ಎಂದು ಜಗಳ ಮಾಡಿದರು. ನನಗೆ ಒಂದು ಕ್ಷಣ ಹಳೆಯ ಮೇಡಂ ಕಂಡರು. ಅದೇ ವಾರ ಹೋದರು.

ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ. ತಿಂಗಳ ಕೊನೆಗೆ ಭವನದಲ್ಲಿ ನುಡಿನಮನ ಇಟ್ಟಾಗ ಮಾತ್ರ ಕುರ್ಚಿ ಸಾಲಲಿಲ್ಲ. ಅವರ ಹೆಸರಿನಲ್ಲಿ ವರ್ಷಕ್ಕೊಂದು ದತ್ತಿ ಉಪನ್ಯಾಸ ಎಂದು ಘೋಷಿಸಿದರು. ಮೊದಲನೆಯದು ಅಂದೇ. ವಿಷಯ ‘ತ್ಯಾಗಮಯಿ ಮಾಸ್ತಮ್ಮ’. ಮಾತಾಡಿದವರು ಅಳಿಸಿದ ಸಾಲುಗಳನ್ನು ರಾಗವಾಗಿ ಓದಿದ್ದ ಅದೇ ಮಹನೀಯರು. ಅಧ್ಯಕ್ಷರು ಪ್ರಾಸ್ತಾವಿಕವಾಗಿ ಮಾತಾಡುತ್ತ, ಮೇಡಂ ಕೊನೆಗಾಲದಲ್ಲಿ ಆ ತಾಯಿಯ ದರ್ಶನಕ್ಕೆ ಹೋಗಿ ಬಂದಿದ್ದರು, ಹೊಸಬರಿಗೆ ಅವಕಾಶವಾಗಲಿ ಎಂದು ತಾವಾಗಿಯೇ ಸಂತೋಷದಿಂದ ವೇದಿಕೆ ಬಿಟ್ಟುಕೊಟ್ಟ ದೊಡ್ಡ ಜೀವ ಎಂದರು.

ನಾನು ಎದ್ದು ನಿಂತೆ. “ಸುಳ್ಳು ಹೇಳಬ್ಯಾಡ್ರಿ. ಅವ್ರು ಬಿಟ್ಟುಕೊಡ್ಲಿಲ್ಲ. ನೀವು ಕಿತ್ಕಂಡ್ರಿ,” ಎಂದೆ. ಎಲ್ಲರೂ ಹಿಂತಿರುಗಿ ನೋಡಿದರು. ಅಧ್ಯಕ್ಷರು ನನಗೆ ಕೈ ಮುಗಿದು, “ಟೀಚರ್ ಬಹಳ ದುಃಖದಾಗ ಇದಾರೆ. ಮೇಡಂಗೆ ತಂಗಿ ಇದ್ದಂಗೆ ಇದ್ರು. ಯಾರಾದ್ರೂ ನೀರು ಕೊಡ್ರಿ,” ಎಂದರು. ಪಕ್ಕದವರು ಭುಜ ಹಿಡಿದು ಕೂರಿಸಿದರು. ಮುಂದಿನ ಸಾಲಿನ ಒಬ್ಬರು ನನ್ನ ಕಡೆ ಬಾಟಲಿ ಚಾಚಿದರು. ನಾನು ಹೇಳಿದ್ದನ್ನು ಯಾರೂ ಅಲ್ಲಗಳೆಯಲಿಲ್ಲ. ಕನಿಕರದಿಂದ ನೋಡಿದರು, ಅಷ್ಟೆ.

ಸಭೆ ಮುಗಿದ ಮೇಲೆ ಅಧ್ಯಕ್ಷರು ಮೆಟ್ಟಿಲ ತಿರುವಿನಲ್ಲಿ ನನ್ನನ್ನು ತಡೆದರು. ಸುತ್ತ ಯಾರೂ ಇರಲಿಲ್ಲ. ಮಾತಾಡಲು ಬಾಯಿ ತೆರೆದವರು ಗೋಡೆ ಹಿಡಿದುಕೊಂಡು ಅತ್ತುಬಿಟ್ಟರು. “ನಮ್ಮವ್ವ ಇದ್ದಂಗೆ ಇದ್ರು ಟೀಚರ್. ನಂದು ಸ್ಕೂಲೈತೆ, ಮಕ್ಕಳ ತಂದೆತಾಯಿ ಅದಾರೆ, ಅವ್ರನ್ನೆಲ್ಲಾ ಎದುರು ಹಾಕ್ಕಂಡು ಹೆಂಗೆ ಬದುಕ್ಲಿ? ಫೋನ್ ಬಂದಾಗ ಎತ್ತಾಕೆ ಕೈ ಬರ್ಲಿಲ್ಲ. ದಿನಾ ನೆನಪಾಗ್ತೈತೆ.”

ಅವರು ನಟಿಸುತ್ತಿರಲಿಲ್ಲ. ನಟಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಕೆಟ್ಟವನೊಬ್ಬ ಕೆಟ್ಟದ್ದು ಮಾಡಿದ ಎಂದುಕೊಂಡು ಮನೆಗೆ ಹೋಗಬಹುದಿತ್ತು. ಮೇಡಂ ಕಲಿಸಿದ್ದೆಲ್ಲ ಅರ್ಥವಾಗಿದ್ದ, ಅವರನ್ನು ನಿಜವಾಗಿ ಪ್ರೀತಿಸಿದ್ದ ಮನುಷ್ಯ ನನ್ನ ಎದುರು ನಿಂತು ಅಳುತ್ತಿದ್ದ.

“ಇದನ್ನ ಮ್ಯಾಲೆ ಹೋಗಿ ಹೇಳ್ರಿ,” ಎಂದೆ. “ಮಂದಿ ಇನ್ನೂ ಅದಾರೆ. ಈಗ ನನ್ನ ಮುಂದೆ ಅಂದಿದ್ದನ್ನ ಅಲ್ಲಿ ಅನ್ರಿ.”

ಅವರು ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿದರು. ಒಂದು ಮೆಟ್ಟಿಲು ಹತ್ತಿದರು. ಹೇಳಿಯೇಬಿಡುತ್ತಾರೆ ಎಂದು ನಾನು ನಂಬಿದೆ. ಅಷ್ಟರಲ್ಲಿ ಮೇಲಿನಿಂದ ಯಾರೋ ಬಗ್ಗಿ, “ಅಧ್ಯಕ್ಷರೇ, ಗ್ರೂಪ್ ಫೋಟೋಗೆ ನಿಮಗೋಸ್ಕರನೇ ನಿಂತೀವಿ, ಬರ್ರಿ ಬರ್ರಿ,” ಎಂದು ಕೂಗಿದರು. ಅವರು ಕನ್ನಡಕ ಹಾಕಿಕೊಂಡು, ಶರ್ಟಿನ ಕಾಲರ್ ಸರಿಮಾಡಿಕೊಂಡು, “ಬಂದೆ,” ಎಂದರು.